ಕಾರವಾರದ ಹಳೆಯ ಬಂಗಲೆ ಮಾದರಿಯ ಮನೆಗಳು: ಕೆಡವುವುದೋ, ಉಳಿಸುವುದೋ?

ಕೋಡಿಬಾಗ ರಸ್ತೆ (ಚರ್ಚೆ ಆರಂಭಿಸಿದವರು)

ಮಾನ್ಯರೇ, ಕಾರವಾರದಲ್ಲಿ ನಮ್ಮ ಕುಟುಂಬಕ್ಕೆ ಸೇರಿದ ಎರಡಂತಸ್ತಿನ ಹಳೆಯ ಮನೆಯೊಂದಿದೆ. ಚಿರೇಕಲ್ಲಿನ ದಪ್ಪ ಗೋಡೆ, ಮುಂಭಾಗದಲ್ಲಿ ಕಮಾನುಗಳ ಪಡಸಾಲೆ, ಅದರ ಮೇಲೆ ಮರದ ಕಟಕಟೆಯ ಬಾಲ್ಕನಿ, ಗಾಳಿ ಬರಲೆಂದು ಓರೆಪಟ್ಟಿ ಜೋಡಿಸಿದ ಎತ್ತರದ ಕಿಟಕಿಗಳು, ಮಂಗಳೂರು ಹಂಚಿನ ಮಾಡು ಇವೆಲ್ಲ ಇನ್ನೂ ನಿಂತಿವೆ. ಮರದ ವ್ಯಾಪಾರ ಮಾಡುತ್ತಿದ್ದ ನಮ್ಮ ಮುತ್ತಜ್ಜ ಆಗಿನ ಸಾಹೇಬರ ಬಂಗಲೆಗಳನ್ನು ನೋಡಿ ಕಟ್ಟಿಸಿದ್ದೆಂದು ಮನೆಯಲ್ಲಿ ಹೇಳುತ್ತಾರೆ. ಈಗ ಪಾಲುದಾರರಲ್ಲಿ ಹೆಚ್ಚಿನವರು ಮುಂಬೈ, ಪುಣೆಗಳಲ್ಲಿ ನೆಲೆಸಿದ್ದಾರೆ. ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಪ್ರಸ್ತಾವವೂ ಬಂದಿದೆ. ಪಶ್ಚಿಮದ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ ನಂತರವೂ ಪ್ರತಿ ಮಳೆಗಾಲದಲ್ಲಿ ಅದು ಹಪ್ಪಳದಂತೆ ಉಬ್ಬಿ ಕಳಚಿ ಬೀಳುತ್ತಿದೆ.

ಇಂಥ ಮನೆಗೆ ಇತಿಹಾಸದ ದೃಷ್ಟಿಯಿಂದ ನಿಜವಾಗಿ ಮಹತ್ವವಿದೆಯೇ, ಅಥವಾ ನಮ್ಮ ಮೋಹ ಮಾತ್ರವೇ? ಉಳಿಸುವುದಾದರೆ ಸಾಮಾನ್ಯ ಕುಟುಂಬದ ಶಕ್ತಿಗೆ ನಿಲುಕುವ ದಾರಿ ಯಾವುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಗೆಜೆಟಿಯರ್ ಓದುಗ

ಮಹತ್ವವಿದೆ. ಆದರೆ ಅದು ಕಮಾನಿನ ಅಂದದಲ್ಲಿಲ್ಲ, ಊರು ಹುಟ್ಟಿದ ಬಗೆಯಲ್ಲಿದೆ.

1638ರಲ್ಲಿ ಕೋರ್ಟೀನ್ ಸಂಘದ ಇಂಗ್ಲಿಷ್ ವರ್ತಕರು ಕೋಠಿ ತೆರೆದು ಮೆಣಸು, ಬಟ್ಟೆ ಕೊಂಡ ಕಾರವಾರವೇ ಬೇರೆ. ಅದು ಕಾಳಿ ನದಿಯ ಒಳಭಾಗದಲ್ಲಿ, ಕಡವಾಡದ ಕಡೆಗೆ ಇತ್ತು. ನಾವು ಇಂದು ಓಡಾಡುವ ಪೇಟೆ, ಕಚೇರಿ, ಬಂಗಲೆಗಳ ಕಾರವಾರ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಊರು. ಕೆನರಾ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ವಿಭಾಗಿಸಿದ ಬಳಿಕ 1862ರಲ್ಲಿ ಉತ್ತರ ಭಾಗವನ್ನು ಮದ್ರಾಸ್ ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಅದರ ಹಿಂದೆ ಹತ್ತಿಯ ಲೆಕ್ಕಾಚಾರವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದೆ ಕಂಗೆಟ್ಟ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಸದಾಶಿವಗಡದ ಬಂದರೇ ಸೂಕ್ತವೆಂದು ಸರ್ಕಾರದ ಮೇಲೆ ಒತ್ತಡ ತಂದಿದ್ದರು. ಅಲ್ಲಿಯವರೆಗೆ ಆ ವ್ಯಾಪಾರ ಬಹುಮಟ್ಟಿಗೆ ಕುಮಟಾದ ಮೂಲಕ ನಡೆಯುತ್ತಿತ್ತು. ಜಿಲ್ಲಾಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂದಿತು. ಕಲೆಕ್ಟರು, ನ್ಯಾಯಾಧೀಶರು, ಸುಂಕದವರು, ಅರಣ್ಯಾಧಿಕಾರಿಗಳು ಬಂದರು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು.

ದೊಡ್ಡ ಬಂದರಿನ ಆಸೆ ಮಾತ್ರ ಕೈಗೂಡಲಿಲ್ಲ. ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ತರುವ ಮಾತು ಮಾತಾಗಿಯೇ ಉಳಿಯಿತು, 1880ರ ದಶಕದಲ್ಲಿ ರೈಲು ಕ್ಯಾಸಲ್‌ರಾಕ್ ಮೂಲಕ ಮರ್ಮಗೋವೆಗೆ ಇಳಿಯಿತು, ಸರಕೂ ಅತ್ತ ಹರಿಯಿತು. ಮುಂಬಯಿಯಷ್ಟು ಬೆಳೆಯಬೇಕೆಂದು ಗೆರೆ ಎಳೆದು, ಬಳಿಕ ಶಾಂತವಾದ ಕಚೇರಿ ಊರಾಗಿ ನಿಂತುಬಿಟ್ಟ ಪಟ್ಟಣ ಇದು. ಈ ಮನೆಗಳು ಆ ಇಪ್ಪತ್ತು ಮೂವತ್ತು ವರ್ಷಗಳ ಭರವಸೆಯ ದಾಖಲೆಗಳು. ಸರ್ಕಾರಿ ಕಟ್ಟಡಗಳ ಕಾಗದಪತ್ರ ಎಲ್ಲಾದರೂ ಉಳಿದಿರುತ್ತದೆ; ಸ್ಥಳೀಯ ವರ್ತಕರು ಕಟ್ಟಿಸಿದ ಮನೆಗಳಿಗೆ ಆ ಮನೆಯೇ ಕಾಗದ.

ಅರ್ಗಾದವ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಪ್ರಶ್ನೆ ಕೇಳುತ್ತೇನೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ ನಂತರ ನಮ್ಮ ಕಡೆಯ ಊರೂರುಗಳೇ ಖಾಲಿಯಾದವು. ಅಲ್ಲಿ ಮಣ್ಣಿನ ಗೋಡೆಯ, ಹುಲ್ಲು ಅಥವಾ ನಾಡಹಂಚಿನ ಮನೆಗಳಿದ್ದವು, ಉಪ್ಪುನೀರು ಏರುವ ಗಜನಿ ಗದ್ದೆಗಳಿದ್ದವು, ಬಲೆ ಒಣಗಿಸುವ ಅಂಗಳಗಳಿದ್ದವು. ಆ ಮನೆಗಳಿಗೆ ಪರಿಹಾರದ ಮೊತ್ತ ಕಟ್ಟಿದರೇ ಹೊರತು ಅವನ್ನು ಪರಂಪರೆ ಎಂದು ಕರೆದವರನ್ನು ನಾನು ಕಾಣಲಿಲ್ಲ. ಆಳಲು ಬಂದವರ ಮನೆಯ ಮಾದರಿಯನ್ನೂ, ಅವರನ್ನು ನೋಡಿ ಕಟ್ಟಿಕೊಂಡ ಶ್ರೀಮಂತರ ಮನೆಯನ್ನೂ ಉಳಿಸಬೇಕೆಂಬ ಕಾಳಜಿ ಎಲ್ಲಿಂದ ಬರುತ್ತದೆ? ಖಾಸಗಿ ಕುಟುಂಬ ತನ್ನ ಹಣದಲ್ಲಿ ಉಳಿಸಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದನ್ನು ಊರಿನ ಹೊಣೆಯೆಂದು ಹೇಳುವಾಗ ಸ್ವಲ್ಪ ಯೋಚಿಸಬೇಕು.

ಚಿರೇಕಲ್ಲು

ಅರ್ಗಾದವರ ಪ್ರಶ್ನೆ ನ್ಯಾಯವಾದದ್ದು. ಆ ಮನೆಗಳ ಒಂದು ನಕ್ಷೆಯನ್ನಾದರೂ ಬರೆದಿಡಬೇಕಾಗಿತ್ತು. ಆದರೆ ಈ ಬಂಗಲೆಗಳನ್ನು ಯುರೋಪಿಯನ್ ಮನೆಗಳೆಂದು ಪೂರ್ತಿಯಾಗಿ ಪರರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕಮಾನಿನ ಆಕಾರ, ಗಾಡಿ ನಿಲ್ಲುವ ಮುಖಮಂಟಪ, ಕಂಬಗಳ ತಲೆಕಟ್ಟು ಹೊರಗಿನವು ನಿಜ. ಕಲ್ಲು ನಮ್ಮ ಗುಡ್ಡದ್ದು, ಸುಣ್ಣ ಹೊಳೆಬಾಯಿಯ ಚಿಪ್ಪಿನದು, ಮರ ಸೂಪಾ, ಹಳಿಯಾಳ, ದಾಂಡೇಲಿ ಕಾಡಿನದು, ಕೈ ಇಲ್ಲಿಯ ಗಾರೆಯವರದು, ಬಡಗಿಗಳದು. ಒಳಗೆ ಹೋದರೆ ದೇವರ ಕೋಣೆ ಇದೆ, ಹಿಂದೆ ಬಾವಿಕಟ್ಟೆ ಇದೆ, ಅಂಗಳದಲ್ಲಿ ತುಳಸಿಕಟ್ಟೆ ಇದೆ. ಯಾವ ಇಂಗ್ಲಿಷ್ ಬಂಗಲೆಯಲ್ಲಿ ಇವು ಇದ್ದವು?

ಈಗ ಪ್ರಶ್ನೆ ಕೇಳಿದವರ ಪಶ್ಚಿಮದ ಗೋಡೆಗೆ ಬರುತ್ತೇನೆ. ನಾನು ವೃತ್ತಿಯಿಂದ ಸಿವಿಲ್ ಇಂಜಿನಿಯರ್, ಕರಾವಳಿಯ ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ನಿಮ್ಮ ಗೋಡೆಯ ರೋಗಕ್ಕೆ ಕಾರಣ ಬಹುಪಾಲು ನೀವು ಮಾಡಿಸಿದ ಔಷಧವೇ.

ಚಿರೇಕಲ್ಲು ರಂಧ್ರಗಳಿಂದ ತುಂಬಿದ ಕಲ್ಲು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ನೀರನ್ನು ಗೋಡೆಗೆ ಅಡ್ಡವಾಗಿ ಹೊಡೆಯುವ ಊರಿನಲ್ಲಿ ಅದು ಎರಡು ಕಡೆಯಿಂದ ನೀರು ಕುಡಿಯುತ್ತದೆ: ಹೊರಗಿನಿಂದ ಇರಚಲು, ಕೆಳಗಿನಿಂದ ನೆಲದ ತೇವ. ಆ ನೀರಿನಲ್ಲಿ ಕಡಲಿನ ಉಪ್ಪು ಕರಗಿರುತ್ತದೆ. ಹಳೆಯ ಸುಣ್ಣದ ಗಾರೆಯೂ ರಂಧ್ರಮಯವಾದುದರಿಂದ ಮಳೆ ನಿಂತ ಮೇಲೆ ತೇವ ಅದರ ಮೂಲಕವೇ ಹೊರಬಿದ್ದು, ಉಪ್ಪು ಗಾರೆಯ ಮೇಲ್ಮೈಯಲ್ಲಿ ಬೆಳ್ಳಗೆ ಹೂಬಿಡುತ್ತಿತ್ತು. ದೀಪಾವಳಿಯ ಹೊತ್ತಿಗೆ ಅದನ್ನು ಗುಡಿಸಿ ಸುಣ್ಣ ಬಳಿದರೆ ಮುಗಿಯಿತು. ಗಾರೆಯೇ ಸವೆದು ಕಲ್ಲನ್ನು ಕಾಯುತ್ತಿತ್ತು. ಸಿಮೆಂಟ್ ಗಿಲಾವು ಈ ದಾರಿಯನ್ನು ಮುಚ್ಚುತ್ತದೆ. ಅದರ ಸಣ್ಣ ಬಿರುಕುಗಳಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ಜಾಗವಿಲ್ಲದೆ ಗಿಲಾವಿನ ಹಿಂದೆಯೇ ಉಪ್ಪು ಹರಳುಗಟ್ಟುತ್ತದೆ, ಹರಳು ಬೆಳೆದಂತೆ ಗಿಲಾವನ್ನು ತಳ್ಳುತ್ತದೆ. ಗಿಲಾವು ಬೀಳುವಾಗ ತನ್ನೊಂದಿಗೆ ಕಲ್ಲಿನ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ, ಏಕೆಂದರೆ ಸಿಮೆಂಟ್ ಚಿರೇಕಲ್ಲಿಗಿಂತ ಗಟ್ಟಿ. ಮತ್ತೆ ಸಿಮೆಂಟ್ ಹಚ್ಚಿದರೆ ಮತ್ತೆ ಅದೇ ಕಥೆ, ಪ್ರತಿ ಸಲ ಗೋಡೆ ಇನ್ನಷ್ಟು ತೆಳ್ಳಗೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣವನ್ನೂ ಬಳಿದಿದ್ದರೆ ಕೇಳುವುದೇ ಬೇಡ.

ಮಾಡಬೇಕಾದದ್ದು ಇಷ್ಟು. ಮಳೆಗಾಲ ಮುಗಿದ ಮೇಲೆ ಸಿಮೆಂಟನ್ನು ಮೆಲ್ಲಗೆ, ಯಂತ್ರ ಬಳಸದೆ ಉಳಿಯಿಂದ ತೆಗೆಯಿಸಿ. ಬೆತ್ತಲೆ ಗೋಡೆಯನ್ನು ಬೇಸಿಗೆಯ ಆರಂಭದವರೆಗೆ ಒಣಗಲು ಬಿಡಿ, ಹೊರಬಂದ ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯುತ್ತಿರಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬಳಿಕ ಸುಣ್ಣದ ಗಾರೆಯನ್ನು ತೆಳುವಾದ ಪದರಗಳಲ್ಲಿ ಹಚ್ಚಿಸಿ. ಪ್ರತಿ ಪದರ ಬಿಗಿದ ನಂತರವೇ ಮುಂದಿನದು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವ ವಸ್ತು. ಅವಸರ ಮಾಡಿದರೆ, ಬಿಸಿಲಿಗೆ ಒಮ್ಮೆಲೇ ಒಣಗಿಸಿದರೆ ಪುಡಿಯಾಗುತ್ತದೆ. ಹಿರಿಯರು ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಅದರಿಂದ ಗಾರೆ ಚೆನ್ನಾಗಿ ಹರಡುತ್ತದೆ, ಬಿರುಕು ಕಡಿಮೆಯಾಗುತ್ತದೆ, ಪವಾಡವನ್ನೇನೂ ನಿರೀಕ್ಷಿಸಬೇಡಿ. ಮರಳು ಹೊಳೆಯದ್ದಾಗಿರಲಿ, ಉಪ್ಪಿನ ಅಂಶವಿರುವ ಅಳಿವೆಯ ಮರಳು ಬೇಡ.

ಇನ್ನೊಂದು ಮಾತು. ಮನೆಯ ಸುತ್ತ ಇಂಟರ್‌ಲಾಕ್ ಹಾಸುಬಿಲ್ಲೆ ಹಾಸಿಸಿದ್ದೀರಾ? ಹಾಸಿಸಿದ್ದರೆ ಗೋಡೆಯ ಬುಡದಿಂದ ಎರಡಡಿಯಷ್ಟಾದರೂ ಕಿತ್ತುಹಾಕಿಸಿ. ನೆಲ ಉಸಿರಾಡದಿದ್ದರೆ ಅದರ ತೇವವೆಲ್ಲ ಗೋಡೆಯನ್ನೇ ಏರುತ್ತದೆ.

ಕೋಡಿಬಾಗ ರಸ್ತೆ

ಬಹಳ ಉಪಕಾರವಾಯಿತು. ಇಂಟರ್‌ಲಾಕ್ ಹಾಸಿಸಿದ್ದೇವೆ, ಅದೇ ವರ್ಷದಿಂದ ಒಳಕೋಣೆಯ ಗೋಡೆ ಮೊಣಕಾಲೆತ್ತರದವರೆಗೆ ಒದ್ದೆಯಾಗತೊಡಗಿತು. ಹಂಚುಗಳ ಒಳಮೈಯಲ್ಲಿ ಕಾರ್ಖಾನೆಯ ಮುದ್ರೆಗಳಿವೆ. ಅದರಿಂದ ಮನೆಯ ಕಾಲವನ್ನು ತಿಳಿಯಬಹುದೇ?

ಗೆಜೆಟಿಯರ್ ಓದುಗ

ಒಂದು ಮಿತಿಯವರೆಗೆ ಮಾತ್ರ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಆ ಬಗೆಯ ಹಂಚು ನಿಮ್ಮ ಮಾಡಿಗೆ ಬಂದದ್ದು ಅದಕ್ಕಿಂತ ಈಚೆಗೆ. ಮನೆಯೇ ಅದಕ್ಕಿಂತ ಈಚಿನದು ಎನ್ನಲಾಗದು. ನಾಡಹಂಚು ತೆಗೆದು ಮಂಗಳೂರು ಹಂಚು ಹೊದಿಸಿದ ಮನೆಗಳು ಎಷ್ಟೋ ಇವೆ. ಸಿಟಿ ಸರ್ವೆಯ ಹಳೆಯ ನಕ್ಷೆ, ಉತಾರಗಳು (ಆಸ್ತಿ ದಾಖಲೆಯ ಪ್ರತಿಗಳು), ಮುಂಬಯಿ ಸರ್ಕಾರದ ಕಾಲದ ನೋಂದಣಿ ಪತ್ರಗಳು ಹೆಚ್ಚು ನಂಬಲರ್ಹ. ಆ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿಯಲ್ಲಿ ಬರೆದವೂ ಇರಬಹುದು, ಓದಬಲ್ಲವರನ್ನು ಹುಡುಕಬೇಕಾಗುತ್ತದೆ.

ಇದೇ ಸಂದರ್ಭದಲ್ಲಿ ಒಂದು ವಿನಂತಿ. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಂದಿಗೆ ಯುವಕ ರವೀಂದ್ರನಾಥ ಠಾಗೋರರು ತಂಗಿದ್ದರು, ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಇಲ್ಲಿಯೇ ಬರೆದರು, ಗಾಳಿಮರಗಳ ಸಾಲಿನ ಅರ್ಧಚಂದ್ರಾಕಾರದ ಕಡಲತೀರವನ್ನು ತಮ್ಮ ನೆನಪುಗಳಲ್ಲಿ ಬಣ್ಣಿಸಿದರು. ಇದೆಲ್ಲ ಸತ್ಯ. ಆದರೆ ಪ್ರತಿಯೊಂದು ಹಳೆಯ ಮನೆಗೂ ಠಾಗೋರರನ್ನು ಕರೆತಂದು ಜಗಲಿಯಲ್ಲಿ ಕೂರಿಸುವ ಚಾಳಿ ಬೇಡ. ಹೋಂಸ್ಟೇ ಫಲಕಗಳಿಗೆ ಅದು ರುಚಿಸಬಹುದು, ಇತಿಹಾಸಕ್ಕಲ್ಲ.

ಮಾಜಾಳಿ ಗಡಿ

ಗೋವಾದ ಮಾತು ಇನ್ನೂ ಯಾರೂ ಎತ್ತಲಿಲ್ಲವಲ್ಲ! ಗಡಿಯಾಚೆ ಕಾಣಕೋಣದಿಂದ ಮಡಗಾಂವದವರೆಗೆ ಹೋಗುವಾಗ ನೋಡಿ: ಮುಂಬಾಗಿಲಿಗೆ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಎದುರುಬದುರು ಕಲ್ಲಿನ ಆಸನಗಳಿರುವ ಬಾಲ್ಕಾಂವ್ ಎಂಬ ಜಗಲಿ, ಬೀದಿಗೆ ಮುಖಮಾಡಿದ ದೊಡ್ಡ ಕಿಟಕಿಗಳು, ಹಳೆಯವುಗಳಲ್ಲಿ ಗಾಜಿನ ಬದಲು ತೆಳುವಾದ ಚಿಪ್ಪು. ಇಂಗ್ಲಿಷರ ಬಂಗಲೆ ಅದಕ್ಕೆ ತದ್ವಿರುದ್ಧ. ಬೀದಿಯಿಂದ ದೂರ, ಕಾಂಪೌಂಡಿನ ನಡುವೆ, ಸುತ್ತಲೂ ವರಾಂಡ, ಅಡುಗೆಮನೆ ಬೇರೆಯೇ. ಕಾರವಾರ ಇವೆರಡರ ಗಡಿಯಲ್ಲಿರುವುದರಿಂದ ಇಲ್ಲಿಯ ಖಾಸಗಿ ಮನೆಗಳಲ್ಲಿ ಎರಡೂ ಬೆರೆತಿವೆ. ಪ್ರಶ್ನೆ ಕೇಳಿದವರ ಬಾಲ್ಕನಿ ಬಹುಶಃ ಅತ್ತಣದ್ದು, ಪಡಸಾಲೆ ಇತ್ತಣದ್ದು.

ಪಣಜಿಯ ಫಾಂಟೈನ್ಹಾಸ್ ಬಡಾವಣೆ ಉಳಿದಿರುವುದಕ್ಕೆ ಮುಖ್ಯ ಕಾರಣ ಅಲ್ಲಿ ಜನ ವಾಸವಾಗಿರುವುದು, ಮತ್ತು ಬೀದಿ ಇಡಿಯಾಗಿ ಉಳಿದಿರುವುದು. ಕಾರವಾರದಲ್ಲಿ ಮನೆಗಳು ಚದುರಿವೆ, ಒಂದರ ಪಕ್ಕ ಒಂದಿಲ್ಲ. ಬೀದಿಯನ್ನೇ ಪರಂಪರೆಯ ವಲಯ ಮಾಡುವ ದಾರಿ ಇಲ್ಲಿ ನಡೆಯಲಾರದು. ಮನೆ ಮನೆಯಾಗಿಯೇ ಉಳಿಯಬೇಕು.

ಘಟ್ಟದ ಮೇಲಿನವಳು, ಶಿರಸಿ

ಮರದ ಬಗ್ಗೆ ನಾಲ್ಕು ಮಾತು. ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳಲ್ಲಿ ಕಂಡ ಪಾಠ ಕರಾವಳಿಗೂ ಹೊಂದುತ್ತದೆ. ಮಾಡಿನ ಇಳಿಜಾರು ಮರವಾದ ಪಕಾಸಿಯಾಗಲಿ ತೊಲೆಯಾಗಲಿ ನಡುವೆ ಹಾಳಾಗುವುದು ಕಡಿಮೆ. ಗೋಡೆಯೊಳಗೆ ಹುದುಗಿರುವ ತುದಿಯೇ ಮೊದಲು ಕೊಳೆಯುತ್ತದೆ, ಒರಲೆ ಹತ್ತುವುದೂ ಅಲ್ಲಿಂದಲೇ. ಆದ್ದರಿಂದ ಇಡೀ ತೊಲೆ ಬದಲಿಸಬೇಕೆಂದು ಹೇಳುವ ಗುತ್ತಿಗೆದಾರರನ್ನು ಕೂಡಲೇ ನಂಬಬೇಡಿ. ಕೊಳೆತ ತುದಿಯನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣ ಮರವನ್ನು ಬೆಸೆದು ಮರದ ಮೊಳೆ ಹಾಕಿ ಕೂಡಿಸಬಲ್ಲ ಬಡಗಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅಂದಿನ ಸಾಗುವಾನಿಯ ಬಿಗಿ ಇಂದಿನ ನೆಡುತೋಪಿನ ಮರಕ್ಕಿಲ್ಲ. ಇದ್ದದ್ದನ್ನು ಆದಷ್ಟು ಉಳಿಸಿಕೊಳ್ಳುವುದೇ ಲಾಭ. ಹಂಚು ಕೂರುವ ತೆಳುಪಟ್ಟಿಯಾದ ರೀಪು ಮಾತ್ರ ಹೊಸದು ಹಾಕಿಸಿ.

ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದಾಗ ಹೊಗೆಯೇ ಮಾಡಿನ ಮರಕ್ಕೆ ಕಾವಲಾಗಿತ್ತು. ಗ್ಯಾಸ್ ಬಂದ ಮೇಲೆ ಕುಟ್ಟೆ (ಮರ ಕೊರೆಯುವ ಹುಳು) ಹತ್ತಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಮತ್ತೆ ಹೊಗೆ ಹಾಕಿ ಎನ್ನುತ್ತಿಲ್ಲ, ವರ್ಷಕ್ಕೊಮ್ಮೆ ಅಟ್ಟ ಹತ್ತಿ ನೋಡಿ ಎನ್ನುತ್ತಿದ್ದೇನೆ. ಮಳೆಗಾಲದಲ್ಲಿ ಪಶ್ಚಿಮದ ಬಾಲ್ಕನಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವ ರೂಢಿ ನಿಮ್ಮಲ್ಲಿಯೂ ಇತ್ತಲ್ಲವೇ? ಅದನ್ನು ಬಿಟ್ಟದ್ದರಿಂದ ಆದ ಹಾನಿ ಸಣ್ಣದಲ್ಲ.

ಉಬ್ಬರ ರೇಖೆ

ಕಾನೂನಿನ ಬಗ್ಗೆ ಸಂಕ್ಷೇಪವಾಗಿ. ನೂರು ವರ್ಷ ದಾಟಿದ ಮಾತ್ರಕ್ಕೆ ಯಾವ ಮನೆಯೂ ಸಂರಕ್ಷಿತ ಸ್ಮಾರಕವಾಗುವುದಿಲ್ಲ. 1958ರ ಕೇಂದ್ರ ಕಾಯ್ದೆಯಡಿ ಆಗಲಿ 1961ರ ರಾಜ್ಯ ಕಾಯ್ದೆಯಡಿ ಆಗಲಿ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಹಾಗಾಗಿ ದುರಸ್ತಿ ಮಾಡಿಸಿದರೆ ಸರ್ಕಾರ ಮನೆಯನ್ನೇ ಕಿತ್ತುಕೊಳ್ಳುತ್ತದೆ ಎಂಬ ಭಯ ಪಾಲುದಾರರಿಗೆ ಬೇಡ.

ನೀವು ನಿಜವಾಗಿ ನೋಡಬೇಕಾದದ್ದು ಕರಾವಳಿ ನಿಯಂತ್ರಣ ವಲಯದ ನಿಯಮ. ಅದು ಕಡಲಿಗಷ್ಟೇ ಅಲ್ಲ, ಕಾಳಿಯಂತೆ ಉಬ್ಬರವಿಳಿತ ಏರುವ ನದಿಯ ದಡಕ್ಕೂ ಅನ್ವಯಿಸುತ್ತದೆ. ನಿಮ್ಮ ಜಾಗ ಆ ವಲಯದೊಳಗೆ ಬಂದರೆ, ಅಧಿಕೃತವಾಗಿ ಇರುವ ಕಟ್ಟಡದ ದುರಸ್ತಿಗೂ, ಅದೇ ಅಳತೆಯೊಳಗಿನ ಮರುನಿರ್ಮಾಣಕ್ಕೂ ಇರುವ ಅವಕಾಶ ಎತ್ತರದ ಹೊಸ ಕಟ್ಟಡಕ್ಕೆ ಇಲ್ಲದೆ ಹೋಗಬಹುದು. ಅಪಾರ್ಟ್‌ಮೆಂಟಿನ ಪ್ರಸ್ತಾವ ತಂದವರು ಈ ಮಾತನ್ನು ಮೊದಲೇ ಹೇಳುವುದು ಅಪರೂಪ. ಕೆಡವಿದ ಮೇಲೆ ಅನುಮತಿ ಸಿಗದಿದ್ದರೆ ಮನೆಯೂ ಇಲ್ಲ, ಮಹಡಿಯೂ ಇಲ್ಲ. ಯಾವ ಕರಾರಿಗೂ ಸಹಿ ಹಾಕುವ ಮೊದಲು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ.

ಅರ್ಗಾದವ

ಚಿರೇಕಲ್ಲು ಅವರ ಉತ್ತರ ಓದಿದೆ. ಗಾರೆಯವರ, ಬಡಗಿಗಳ ಮಾತು ಬಂದದ್ದು ಸಮಾಧಾನ ತಂದಿತು. ಆದರೂ ಕಟ್ಟಿದವರ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ, ಕಟ್ಟಿಸಿದವರದೇ ಇರುತ್ತದೆ. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದವರು, ಕಡ್ರಾದಿಂದ ಕೋಡಿಬಾಗದವರೆಗೆ ಕಾಳಿಯಲ್ಲಿ ಮರ ತೇಲಿಸಿ ತರುತ್ತಿದ್ದವರು ಯಾರೆಂಬುದನ್ನು ಅವರ ಮಕ್ಕಳು, ಮೊಮ್ಮಕ್ಕಳು ಇರುವಾಗಲೇ ಕೇಳಿ ಬರೆದಿಡುವ ಕೆಲಸಕ್ಕೆ ಯಾರಾದರೂ ಮುಂದಾದರೆ ನಾನೂ ಕೈಜೋಡಿಸುತ್ತೇನೆ.

ಮಾಜಾಳಿ ಗಡಿ

ನಾನು ಸಿದ್ಧ. ಸದಾಶಿವಗಡದ ಕಡೆಯಿಂದ ಆರಂಭಿಸೋಣ.

ಹಳೇಹಂಚು

ಎಲ್ಲರೂ ಗೋಡೆಯನ್ನು ಹಿಡಿದಿದ್ದೀರಿ, ನಾನು ಮಾಡನ್ನು ಹಿಡಿಯುತ್ತೇನೆ. ಪುದುಚೇರಿಯಲ್ಲಿ ಸಮುದ್ರದ ಎದುರಿಗೇ ಇದ್ದ ಫ್ರೆಂಚ್ ಕಾಲದ ಮೇರಿ ಕಟ್ಟಡ, ಅಂದರೆ ಅವರ ಪುರಭವನ, 2014ರ ನವೆಂಬರಿನ ಮಳೆಯಲ್ಲಿ ಕುಸಿದು ಬಿದ್ದಿತು. ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಿ 2021ರಲ್ಲಿ ತೆರೆದರು, ಸರಿ. ಅದು ಸರ್ಕಾರದ ಆಸ್ತಿಯಾದ್ದರಿಂದ, ದೊಡ್ಡ ನೆರವು ದೊರೆತದ್ದರಿಂದ ಆಯಿತು. ನಮ್ಮ ನಿಮ್ಮ ಮನೆ ಬಿದ್ದರೆ ಬಿದ್ದಂತೆಯೇ. ನೀರು ಮೇಲಿನಿಂದ ಇಳಿಯುವವರೆಗೆ ಗೋಡೆಗೆ ಎಷ್ಟು ಸುಣ್ಣ ಬಳಿದರೂ ವ್ಯರ್ಥ.

ಹಾಗೆಂದು ಹಂಚು ತೆಗೆದು ತಗಡು ಹಾಕಿಸಬೇಡಿ. ಹಗುರವಾದ ತಗಡನ್ನು ಕಡಲ ಗಾಳಿ ಎತ್ತುತ್ತದೆ, ಉಪ್ಪಿಗೆ ಅದು ಬೇಗನೆ ತುಕ್ಕು ಹಿಡಿಯುತ್ತದೆ, ಬೇಸಿಗೆಯಲ್ಲಿ ಮೇಲಂತಸ್ತಿನಲ್ಲಿ ಕೂರಲಾಗದು. ಹಂಚಿನ ಮೇಲೆ ಕಾಂಕ್ರೀಟ್ ಸುರಿಸಿದ ಸಾಹಸಗಳನ್ನೂ ಕಂಡಿದ್ದೇನೆ. ಆ ಭಾರಕ್ಕೆ ಪಕಾಸಿಗಳು ಬಿಲ್ಲಾಗಿದ್ದವು. ಕೆಡವುತ್ತಿರುವ ಮನೆಗಳಿಂದ ಹಳೆಯ ಹಂಚು ಸಿಗುತ್ತದೆ. ಬೆರಳಿನಿಂದ ತಟ್ಟಿದಾಗ ಖಣ್ಣನೆ ಸದ್ದು ಬರುವುದನ್ನೇ ಆರಿಸಿ, ಮಂಕು ಸದ್ದಿನದು ಒಳಗೇ ಬಿರಿದಿರುತ್ತದೆ.

ಕೋಡಿಬಾಗ ರಸ್ತೆ

ಎಲ್ಲರ ಮಾತನ್ನೂ ಒಂದು ಕಡತದಲ್ಲಿ ಸೇರಿಸಿ ಪಾಲುದಾರರಿಗೆ ಕಳುಹಿಸಿದ್ದೇನೆ. ಮುಂಬೈಯ ದೊಡ್ಡಪ್ಪನವರು ಕರಾವಳಿ ವಲಯದ ವಿಷಯ ತಿಳಿದ ಮೇಲೆ ಕರಾರನ್ನು ತಡೆಹಿಡಿಯಲು ಒಪ್ಪಿದ್ದಾರೆ. ಮನೆಯ ಮೇಲಿನ ಪ್ರೀತಿಯಿಂದಲ್ಲ, ನಷ್ಟದ ಭಯದಿಂದ. ಹೇಗಾದರೂ ಸಮಯ ಸಿಕ್ಕಿತು. ಈ ವರ್ಷ ಮಾಡಿನ ಕೆಲಸಕ್ಕೆ ಸಾಕಾಗುವಷ್ಟು ಹಣವಷ್ಟೇ ಒಟ್ಟಾಗಬಹುದು. ಗೋಡೆಯ ಸಿಮೆಂಟನ್ನೂ ಈಗಲೇ ತೆಗೆಸಿ ಹಾಗೇ ಬಿಡಬಹುದೇ, ಅಥವಾ ಮುಂದಿನ ವರ್ಷಕ್ಕೆ ಕಾಯಬೇಕೇ? ಸುಣ್ಣವನ್ನು ಮೊದಲೇ ತಂದಿಡಬೇಕಾಗುತ್ತದೆಯೇ?

ಚಿರೇಕಲ್ಲು

ಬೆತ್ತಲೆ ಗೋಡೆಯನ್ನು ಮಳೆಗೆ ಒಡ್ಡಬೇಡಿ. ಹಿಂದಿನ ಸಿಮೆಂಟಿನಿಂದ ಮೇಲ್ಪದರ ಕಳೆದುಕೊಂಡ ಕಲ್ಲು ಒಂದೇ ಮಳೆಗಾಲದಲ್ಲಿ ಇನ್ನಷ್ಟು ಕರಗುತ್ತದೆ. ಈ ವರ್ಷ ಮಾಡು ಮತ್ತು ಇಂಟರ್‌ಲಾಕ್ ಎರಡನ್ನು ಮಾತ್ರ ಮುಗಿಸಿ, ಮೇ ಮಧ್ಯದೊಳಗೆ. ಪಶ್ಚಿಮಕ್ಕೆ ಶಿರಸಿಯವರು ಹೇಳಿದ ತಟ್ಟಿ ಕಟ್ಟಿಸಿ. ಗೋಡೆಗೆ ಅಕ್ಟೋಬರ್ ಕೊನೆಯಲ್ಲಿ ಕೈಹಾಕೋಣ.

ಸುಣ್ಣವನ್ನು ಮಾತ್ರ ಈಗಲೇ ತರಿಸಿ. ಅಂಗಳದ ಮೂಲೆಯಲ್ಲಿ ಗುಂಡಿ ಮಾಡಿಸಿ, ಸುಟ್ಟ ಚಿಪ್ಪನ್ನು ನೀರಿನಲ್ಲಿ ಅರಳಿಸಿ, ಮೇಲೆ ಸದಾ ನಾಲ್ಕು ಬೆರಳು ನೀರು ನಿಲ್ಲುವಂತೆ ನೋಡಿಕೊಳ್ಳಿ. ಅರಳುವಾಗ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕವಿರಲಿ. ತಿಂಗಳುಗಟ್ಟಲೆ ನೆನೆದಷ್ಟೂ ಬೆಣ್ಣೆಯ ಹದಕ್ಕೆ ಬರುತ್ತದೆ. ಗುಂಡಿಯ ಮೇಲೆ ಹಲಗೆ ಮುಚ್ಚಿ, ಮಳೆನೀರು ತುಂಬಿ ಹರಿಯದಂತೆ ಸುತ್ತ ಒಂದು ಸಾಲು ಕಲ್ಲು ಇಡಿಸಿದರೆ ಸಾಕು.